ಗುಳುಂಬಿ

ಇಲಿಯಾಸನಿಗೆ ಮಂಗಬಾವು.
ಎರಡೂ ಕೆನ್ನೆ ಊದಿ, ಗದ್ದದಿಂದ ನೆತ್ತಿಗೆ
ಅಮ್ಮಿಯ ಹಳೇ ಓಢನಿ ಬಿಗಿದು ಗಂಟು ಹಾಕಿ
ಭಟ್ಟಿಯ ಮೂಲೆಯಲ್ಲಿ ಚೀಲದ ಮೇಲೆ ಕೂರಿಸಿದ್ದಾರೆ.
ಸ್ಕೂಲಿಗೆ ಕಳಿಸುವಂತಿಲ್ಲ, ಮನೆಯಲ್ಲಿ ಯಾರೂ ಇಲ್ಲ.
ನನ್ನ ಕೈಯಲ್ಲಿ ಜರಡಿ, ಅವನ ಬಾಯಲ್ಲಿ ಒಂದೇ ಮಾತು:
"ಆಪಾ, ಕತೆ. ಹೆದರಿಕೆ ಆಗೋದು. ಸಮುದ್ರದ್ದು."

ಸಮುದ್ರ ನಾನೆಲ್ಲಿ ನೋಡಿದ್ದೇನೆ!
ದಾವಣಗೆರೆ ಬಿಟ್ಟು ಹೋದದ್ದೆಂದರೆ
ಹರಿಹರದ ಸೇತುವೆ ದಾಟಿ ರಾಣೆಬೆನ್ನೂರಿಗೆ,
ಅದೂ ಒಂದು ಮದುವೆಗೆ, ರಾತ್ರಿ ಹೊತ್ತು.
ಆದರೂ ಕಾದ ಉಸುಕಿಗೆ ಅಕ್ಕಿ ಸುರಿದಾಗ
ಏಳುತ್ತದಲ್ಲ ಒಂದು ಸದ್ದು,
ಬಿಳೀ ನೊರೆ ಉಕ್ಕಿ ಬಾಣಲೆಯ ಅಂಚಿಗೆ ಬಂದು
ಇನ್ನೇನು ಚೆಲ್ಲಬೇಕು, ಅಷ್ಟರಲ್ಲಿ ನಿಲ್ಲುತ್ತದಲ್ಲ,
ಅದನ್ನೇ ನೋಡುತ್ತ ಶುರು ಮಾಡಿದೆ.

"ಒಂದು ಸಮುದ್ರ. ಅದರೊಳಗೊಂದು ಪ್ರಾಣಿ."
"ಎಷ್ಟು ದೊಡ್ಡದು?"
"ಬಾತಿ ಗುಡ್ಡದಷ್ಟು."
"ಸಣ್ಣದಾಯ್ತು."
"ಗುಡ್ಡ ಅಂದರೆ ಬರೀ ಮೂಗು ಕಣೋ.
ಮೂಗೂ ಅಲ್ಲ, ಮೂಗಿನ ಮೇಲಿನ ನರಹುಲಿ."
ತಲೆಯಾಡಿಸಲು ಹೋಗಿ ನೋವಿಗೆ ಮುಖ ಕಿವುಚಿದ.
ಒಪ್ಪಿಗೆ ಅಂತ ತಿಳಿದೆ.

ಹೆಸರಿಡಬೇಕಲ್ಲ. ರಾಕ್ಷಸ ಅಂದೆ, ಬೇಡವಂತೆ.
ಭೂತ ಅಂದೆ,
ಪಕ್ಕದ ಮನೆ ತೌಸೀಫನ ಹತ್ತಿರ ಆಗಲೇ ಎರಡು ಇವೆಯಂತೆ.
ಅಷ್ಟರಲ್ಲಿ ಖಾಸಿಂ ಮಾವ ಬಾಯಾರಿ
ಹಂಡೆಯ ನೀರಿಗೆ ಚೊಂಬು ಮುಳುಗಿಸಿದರು:
ಗುಳುಂ!
ಹುಟ್ಟಿದಳು ಗುಳುಂಬಿ.

ಬಾಲ? ಇದೆ, ಎಲ್ಲಿದೆಯೋ ಅವಳಿಗೇ ಗೊತ್ತಿಲ್ಲ.
ತುದಿಗೆ ಏಡಿ ಕಚ್ಚಿದರೆ ಸುದ್ದಿ ತಲೆ ಮುಟ್ಟುವುದಕ್ಕೆ
ಈ ರಂಜಾನಿನಿಂದ ಆ ರಂಜಾನು ಬೇಕು.
ಅವಳು "ಅಯ್ಯೋ" ಅನ್ನುವಾಗ
ಏಡಿ ಮೊಮ್ಮಕ್ಕಳಿಗೆ ಲಗ್ನ ಮಾಡಿರುತ್ತದೆ.
ಹಲ್ಲು? ಮೂರೇ. ಒಂದು ಅಲ್ಲಾಡುತ್ತದೆ.
ಹಡಗು ನುಂಗುತ್ತಾಳಾ? ನುಂಗಿದ್ದಳು ಒಮ್ಮೆ.
ಅದು ಹೊಟ್ಟೆಯೊಳಗೆ ರಾತ್ರಿಯಿಡೀ ಹಾರನ್ ಹೊಡೆದು
ನಿದ್ದೆಗೆಡಿಸಿದ್ದಕ್ಕೆ ಥೂ ಅಂತ ಉಗುಳಿದಳು.
ಆವತ್ತಿನಿಂದ ಬರೀ ಮಂಡಕ್ಕಿ, ನಂಚಿಕೊಳ್ಳಲು ಮಿರ್ಚಿ.
ಖಾರ ನೆತ್ತಿಗೇರಿ ಬಿಕ್ಕಳಿಸುತ್ತಾಳಲ್ಲ,
ಜನ ಅದಕ್ಕೆ ಅಲೆ ಅನ್ನುತ್ತಾರೆ.

"ಇದು ಹೆದರಿಕೆ ಕತೆ ಅಲ್ಲ," ಅಂದ ಇಲಿಯಾಸ.
ನಕ್ಕರೆ ಕೆನ್ನೆ ಸಿಡಿಯುತ್ತದೆಂದು
ಎರಡೂ ಕೈಯಲ್ಲಿ ಮುಖ ಹಿಡಿದುಕೊಂಡಿದ್ದ.
"ಬರ್ತದೆ ತಾಳು ಹೆದರಿಕೆ.
ಒಂದಿನ ಗುಳುಂಬಿ ಕುಂದುವಾಡ ಕೆರೆಗೆ ಇಳಿದಳು."
"ಮುಳುಗಿದಳಾ?"
"ಹೆಬ್ಬೆರಳು ಒದ್ದೆಯಾಯ್ತು."

ಅವನು ಈ ಸಲ ನಗಲಿಲ್ಲ.
"ಅಷ್ಟು ದೂರ ಯಾಕೆ ಬಂದಳು?"

ಅದನ್ನು ನಾನು ಯೋಚಿಸಿರಲಿಲ್ಲ.
ಜರಡಿಯಿಂದ ಉಸುಕು ಇಳಿಯುತ್ತಿತ್ತು,
ಮಂಡಕ್ಕಿ ಮೇಲೆ ಉಳಿಯುತ್ತಿತ್ತು.
"ಈ ಉಸುಕು," ಅಂದ ಅವನೇ, ಮೆಲ್ಲಗೆ,
"ಅವಳ ಹಾಸಿಗೆದು. ಲಾರಿಯವರು ಕದ್ದು ತಂದರು.
ಅವಳಿಗೆ ನಿದ್ದೆ ಇಲ್ಲ ಆಪಾ.
ಒಂದೊಂದೇ ಭಟ್ಟಿ ಮೂಸಿಕೊಂಡು ಬರ್ತಾ ಇದಾಳೆ."

ಬೆನ್ನ ಹಿಂದೆ ಒಲೆ ಧಗಧಗ ಅನ್ನುತ್ತಿತ್ತು.
ಆದರೂ ನನಗೆ ಸಣ್ಣಗೆ ಚಳಿ ಹತ್ತಿತು.
ಬಾಗಿಲ ಕಡೆ ನೋಡಬಾರದು ಅಂದುಕೊಂಡೆ. ನೋಡಿದೆ.
ಖಾಲಿ ಚೀಲ ಹೊತ್ತ ಒಂದು ಸೈಕಲ್ಲು, ಅಷ್ಟೇ.

ಹದಿನೈದು ದಿನಕ್ಕೆ ಅವನು ಆಗಲೇ ಸ್ಕೂಲಿನಲ್ಲಿ,
ಬಾವು ನನ್ನ ಕೆನ್ನೆಯಲ್ಲಿ.
ಅದೇ ಓಢನಿ, ಅದೇ ಮೂಲೆ, ಅದೇ ಚೀಲ.
ಸಂಜೆ ಬಂದವನು ಬ್ಯಾಗು ಎಸೆದು
ನನ್ನ ಸುತ್ತ ಒಂದು ಸುತ್ತು ಹಾಕಿದ,
ಹಿಂದೆ ಬಾಲ ಇದೆಯಾ ಅಂತ ಬಗ್ಗಿಯೂ ನೋಡಿದ.
ಆಮೇಲೆ ಚಡ್ಡಿ ಜೇಬಿನಿಂದ
ಎಂದೋ ಆರಿಸಿಟ್ಟುಕೊಂಡಿದ್ದ ಒಂದು ಹಿಡಿ ಉಸುಕು ತೆಗೆದು
ನನ್ನ ಅಂಗೈಗೆ ಸುರಿದ.

"ತಗೋ," ಅಂದ. "ಇನ್ನು ಹೋಗಿ ಮಲಕ್ಕೋ."